ನಳಿಗೆಯ ಬಾಯಿ ಹತ್ತಿಯ ಕಡೆಗೆ

"ಕಣ್ಣು ಕಾಣದವರ ಕೈಗೆ ಬಂದೂಕು ಕೊಡಬಹುದು ಅಂದ್ರೆ, ನಾಳೆಯಿಂದ ನಾನೂ ಕಣ್ಣಿಗೆ ಬಟ್ಟೆ ಕಟ್ಕೊಂಡು ಗಡ್ಡ ಕೆರೀತೀನಿ. ಯಾರಾದ್ರೂ ಬರ್ತೀರಾ ಕುರ್ಚೀಲಿ ಕೂರೋಕೆ?" ಅಂದ ಎದುರಿನ ಸಲೂನಿನವನು.

ಅವನು ಅದನ್ನು ಹೇಳಿದ್ದು ನನ್ನ ಅಂಗಡಿಯಲ್ಲಿ, ನಾನು ಇನ್ನೂ ಅಂಚು ಹೊಲಿಯುತ್ತಿದ್ದ ಹಾಸಿಗೆಯ ಮೇಲೆ ಅಂಗಾತ ಮಲಗಿಕೊಂಡು. ಗಿರಾಕಿ ಇಲ್ಲದ ಹೊತ್ತಲ್ಲಿ ರಸ್ತೆ ದಾಟಿ ಬಂದು ಹೊಸ ಹಾಸಿಗೆಯನ್ನು ಪರೀಕ್ಷೆ ಮಾಡುವುದು ಅವನ ಹಳೇ ಚಾಳಿ. ಇಷ್ಟು ವರ್ಷಗಳಲ್ಲಿ ಒಂದು ದಿಂಬನ್ನೂ ಕೊಂಡವನಲ್ಲ.

"ಧಾರಾಳವಾಗಿ ಕಟ್ಕೋ," ಅಂದ ನನ್ನ ಅಣ್ಣ. ಅವನು ಹಾಸಿಗೆಯ ಇನ್ನೊಂದು ಮೂಲೆಯಲ್ಲಿ ನೆಲಕ್ಕೆ ಕೂತು, ಬೆರಳಲ್ಲೇ ಅಂಚು ಹುಡುಕುತ್ತಾ ದಬ್ಬಣ ಚುಚ್ಚುತ್ತಿದ್ದ. "ಕಣ್ಣು ಬಿಟ್ಕೊಂಡಿದ್ದಾಗಲೇ ನನ್ನ ಕಿವಿ ಕುಯ್ದಿದ್ದೀಯ. ಬಟ್ಟೆ ಕಟ್ಕೊಂಡ್ರೆ ಸ್ವಲ್ಪ ಭಯವಾದ್ರೂ ಹುಟ್ಟುತ್ತೆ ನಿಂಗೆ."

"ಅದು ನೀವು ಸೀನಿದ್ದಕ್ಕೆ ಆಗಿದ್ದು ಗನ್ನಣ್ಣ!"

ಬೀದಿಗೆಲ್ಲ ನನ್ನ ಅಣ್ಣ ಗನ್ನಣ್ಣ. ತಿರುವಿನಲ್ಲಿರುವ ಬ್ಯಾಂಕಿನ ಬಾಗಿಲಲ್ಲಿ ಜೋಡಿ ನಳಿಗೆಯ ಬಂದೂಕು ಹಿಡಿದು ನಿಲ್ಲುವುದು ಅವನ ಕೆಲಸವಾಗಿತ್ತು. ಕಣ್ಣೊಳಗೆ ಒತ್ತಡ ಜಾಸ್ತಿಯಾಗಿ ನರ ಒಣಗುತ್ತಿದೆ ಅಂತ ಡಾಕ್ಟರು ಹೇಳುವ ಹೊತ್ತಿಗೆ ತಡವಾಗಿತ್ತು. ಅಂಗಡಿಯ ಷಟರ್ ಇಳಿಸಿದ ಹಾಗೆ ಬೆಳಕು ಇಳಿಯುತ್ತಾ ಇಳಿಯುತ್ತಾ ಒಂದು ದಿನ ಪೂರ್ತಿ ಮುಚ್ಚಿಕೊಂಡಿತು. ಬಾಗಿಲಲ್ಲಿ ನಿಲ್ಲುವ ಕೆಲಸ ಅಳಿಯನಿಗೆ ಸಿಕ್ಕಿತು. ಬಂದೂಕು, ಅದರ ಲೈಸೆನ್ಸು ಎರಡೂ ಅಳಿಯನ ಹೆಸರಿಗಾದವು. ಮನೆ ಅಂತ ನಮಗಿರುವುದು ನನ್ನ ಹಾಸಿಗೆ ಅಂಗಡಿಯ ಹಿಂದಿನ ಎರಡು ಕೋಣೆ ಮತ್ತು ಒಂದು ಅಡುಗೆಮನೆ. ಅಣ್ಣ, ಅವನ ಮಗಳು, ಅಳಿಯ, ಕೂರಿಸಿದರೆ ಈಗಷ್ಟೇ ಬೀಳದೆ ಕೂರಲು ಕಲಿತ ಮೊಮ್ಮಗಳು, ನಾನು. ನನಗೆ ಕೂದಲು ನರೆತು ಎಷ್ಟೋ ಕಾಲವಾಯಿತು, ಅಣ್ಣನ ಬಾಯಲ್ಲಿ ಮಾತ್ರ ಇನ್ನೂ ಪುಟ್ಟಿ.

"ನಾನೇನು ಬಂದೂಕು ಹೊತ್ಕೊಂಡು ಬೀದಿ ಸುತ್ತುತ್ತೀನಿ ಅಂತ ಹೇಳಿದ್ನಾ?" ಅಣ್ಣ ಮುಂದುವರಿಸಿದ. "ಗುರಿ ಇಡೋಕೆ ಕಣ್ಣು ಬೇಕು, ಒಪ್ದೆ. ಒರೆಸಿ ಎಣ್ಣೆ ಹಾಕೋಕೆ ಯಾಕಪ್ಪಾ ಕಣ್ಣು? ನನಗಿಂತ ಮುಂಚೆ ಬ್ಯಾಂಕಲ್ಲಿ ಒಬ್ಬ ಇದ್ದ. ನಳಿಗೆ ಬಾಯಿ ಮೇಲೆ ಗದ್ದ ಊರಿ ನಿದ್ದೆ ಹೊಡೀತಿದ್ದ. ಊಟದ ಚೀಲ ತಂದು ನಳಿಗೆಗೇ ನೇತು ಹಾಕ್ತಿದ್ದ. ಅವನಿಗೆ ಎರಡೂ ಕಣ್ಣಿತ್ತು."

"ನಿದ್ದೇಲಿ ಮುಚ್ಚಿತ್ತಲ್ಲ ಅಣ್ಣ!" ಅಂತ ಸಲೂನಿನವನು ತನ್ನ ಮಾತಿಗೆ ತಾನೇ ನಕ್ಕು ದಡಕ್ಕನೆ ಎದ್ದು ಕೂತ. ಹಾಸಿಗೆ ಪೂರ್ತಿ ಕುಲುಕಿತು. ಅಣ್ಣನ ಕೈಯಲ್ಲಿದ್ದ ದಬ್ಬಣ ಹಾಸಿಗೆಯ ದಪ್ಪ ಬಟ್ಟೆ ಬಿಟ್ಟು ನೇರವಾಗಿ ಅವನ ತೋರುಬೆರಳಿಗೆ ಇಳಿಯಿತು.

ಸಣ್ಣ ಸೂಜಿಯಾಗಿದ್ದರೆ ಬಾಯಲ್ಲಿಟ್ಟು ಚೀಪಿ ಸುಮ್ಮನಾಗಬಹುದಿತ್ತು. ದಬ್ಬಣ ಅಂದರೆ ಹತ್ತಿಯ ದಪ್ಪವನ್ನು ಆಚೆಯಿಂದ ಈಚೆಗೆ ದಾಟುವ ಸಾಮಾನು. ರಕ್ತ ನೋಡಿ ಸಲೂನಿನವನೇ ಬಿಳಿಚಿಕೊಂಡ. ಮಗಳು ಒಳಗಿಂದ ಓಡಿ ಬಂದು, ಮಗುವನ್ನು ನನ್ನ ಸೊಂಟಕ್ಕೆ ದಾಟಿಸಿ, ಅಪ್ಪನ ಗಾಯ ತೊಳೆದು ಔಷಧಿ ಹಚ್ಚಿ, ಪಟ್ಟಿ ಜಾರದಿರಲಿ ಅಂತ ಪಕ್ಕದ ಬೆರಳನ್ನೂ ಜೊತೆಗೆ ಸೇರಿಸಿ ದಪ್ಪಗೆ ಸುತ್ತಿದಳು.

"ಇನ್ನು ಇವತ್ತು ಆ ಬಂದೂಕು ಮುಟ್ಟೋ ಹಾಗಿಲ್ಲ ಅಪ್ಪ."

"ಎಡಗೈ ಇದೆಯಲ್ಲ ಮಗಳೇ."

ಅವಳು ಔಷಧಿ ಡಬ್ಬಿಯನ್ನು ಟಪ್ಪನೆ ಮುಚ್ಚಿದಳು. ಅದು ಅವರಿಬ್ಬರ ನಡುವಿನ ಹಳೆಯ ಜಗಳ, ಅದರ ಮೂಲ ಹೇಳದಿದ್ದರೆ ಮುಂದಿನದ್ದು ಅರ್ಥವಾಗುವುದಿಲ್ಲ.

ಸಂಜೆ ಅಳಿಯ ಕೆಲಸ ಮುಗಿಸಿ ಅಂಗಡಿಯ ಮೂಲಕವೇ ಒಳಗೆ ಬರುತ್ತಾನೆ. ಮುಂದಿನ ಕೋಣೆಯಲ್ಲಿ ಅಣ್ಣ ಮುಂಚೆಯೇ ಸ್ಟೂಲಿನ ಮೇಲೆ ಕೂತಿರುತ್ತಾನೆ, ತೊಡೆಯ ಮೇಲೆ ಒಂದು ಹಳೇ ಬಟ್ಟೆ ಹಾಸಿಕೊಂಡು, ಮುಖವನ್ನು ಹತ್ತಿಯ ಮೂಟೆಗಳ ಕಡೆ ಮಾಡಿ. ನಾನು ಹಿಂಜಲು ತರಿಸಿದ ಮೂಟೆಗಳೆಲ್ಲ ಆ ಕೋಣೆಯ ಒಂದು ಗೋಡೆಗೆ ನೆಲದಿಂದ ಸೂರಿನವರೆಗೂ ಒತ್ತೊತ್ತಾಗಿ ಪೇರಿಸಿರುತ್ತವೆ. "ಹತ್ತಿ ಎಲ್ಲಿದೆ?" ಅಂತ ಅಣ್ಣ ಕೇಳುತ್ತಾನೆ. ಎಲ್ಲಿದೆ ಅಂತ ಅವನಿಗೆ ಗೊತ್ತು. ಆದರೂ ಕೋಣೆಯಲ್ಲಿದ್ದ ಯಾರಾದರೂ "ಎದುರಿಗಿದೆ" ಅನ್ನಬೇಕು, ಆಮೇಲೆಯೇ ಅವನು ಕೈ ಚಾಚುವುದು. ನಳಿಗೆಯ ಬಾಯಿ ಹತ್ತಿ ಬಿಟ್ಟು ಬೇರೆ ಕಡೆ ತಿರುಗಿದ್ದನ್ನು ನಾನು ಒಂದು ದಿನವೂ ಕಂಡಿಲ್ಲ.

"ಎರಡೂ ಖಾಲಿ ಮಾವ," ಅನ್ನುತ್ತಾನೆ ಅಳಿಯ.

"ನೀನು ನೋಡ್ದೆ. ಈಗ ನಾನು ಮುಟ್ತೀನಿ," ಅನ್ನುತ್ತಾನೆ ಅಣ್ಣ. ಬಂದೂಕನ್ನು ನಡುವಿನಲ್ಲಿ ಮಡಚಿ ತೆರೆದು, ಒಂದೊಂದು ನಳಿಗೆಯ ಹಿಂಬದಿಗೂ ಬೆರಳು ತೂರಿಸಿ, ಸುತ್ತ ಸವರಿ, "ಎರಡೂ ಖಾಲಿ" ಅಂತ ತಾನೂ ಹೇಳುತ್ತಾನೆ. ಆಮೇಲೆ ಕಡ್ಡಿಗೆ ಬಟ್ಟೆ ಸುತ್ತಿ ನಳಿಗೆಯೊಳಗೆ ಓಡಿಸುತ್ತಾನೆ, ಎಣ್ಣೆ ಹಚ್ಚುತ್ತಾನೆ. ಎಲ್ಲಾ ಮುಗಿದ ಮೇಲೆ ಮುಚ್ಚಿ, ಹತ್ತಿಯ ಕಡೆ ಹಿಡಿದು, ಎರಡು ಟ್ರಿಗರನ್ನೂ ಒಂದಾದ ಮೇಲೊಂದು ಒತ್ತುತ್ತಾನೆ. ಟಕ್. ಟಕ್. ಒಳಗಿನ ಸ್ಪ್ರಿಂಗು ರಾತ್ರಿಯೆಲ್ಲ ಬಿಗಿದುಕೊಂಡೇ ಇರಬಾರದಂತೆ. "ಅದಕ್ಕೂ ಮನೆಗೆ ಬಂದ ಮೇಲೆ ಕಾಲು ಚಾಚಬೇಕು ಅನ್ಸಲ್ವಾ?" ಅನ್ನುತ್ತಾನೆ. ಆಮೇಲೆ ಬಂದೂಕು ಪೆಟ್ಟಿಗೆಗೆ, ಪೆಟ್ಟಿಗೆಗೆ ಬೀಗ. ನನಗಂತೂ ಆ ಟಕ್ ಟಕ್ ಕೇಳಿದರೆ ಸಂಜೆಯಾಯಿತು ಅಂತ ಲೆಕ್ಕ. ಹತ್ತಿ ಹಿಂಜುವ ಯಂತ್ರ ಆರಿಸಿ, ಮೈಮೇಲಿನ ನಾರು ಕೊಡವಿಕೊಂಡು ಟೀಗೆ ನೀರಿಡುತ್ತೇನೆ.

ಆದರೆ ಆ ಮೂಟೆಗಳ ಹಿಂದಿರುವುದು ಇಟ್ಟಿಗೆಯ ಗೋಡೆಯಲ್ಲ. ಹಲಗೆ. ಹಲಗೆಯ ಆಚೆ ಮಗಳ ಕೋಣೆ, ಮಗುವಿನ ತೊಟ್ಟಿಲು.

"ಖಾಲಿ ಅಂತ ಗೊತ್ತಿದ್ಮೇಲೆ ಭಯ ಯಾಕೆ?" ಅಂತ ಅಣ್ಣ. "ಭಯ ಇಲ್ದಿದ್ರೆ ಹತ್ತಿ ಯಾಕೆ?" ಅಂತ ಮಗಳು. ಬ್ಯಾಂಕಿನ ಮ್ಯಾನೇಜರು, ಬಂದೂಕನ್ನು ಸಂಜೆ ಅಲ್ಲೇ ಕಬ್ಬಿಣದ ಬೀರುವಿನಲ್ಲಿಟ್ಟು ಹೋಗಬಹುದು ಅಂತ ಹೇಳಿಯೂ ಇದ್ದರು. ಅಣ್ಣ ಕೇಳಲಿಲ್ಲ. ಮಗಳು ಕೊನೆಗೆ ಗಡುವು ಹಾಕಿದ್ದಳು: "ಮಗು ಅಂಬೆಗಾಲಿಡೋ ದಿನ ಈ ಮನೇಲಿ ಬಂದೂಕು ಇರಬಾರ್ದು ಅಪ್ಪ. ಇದ್ರೆ ನಾವಿರಲ್ಲ." ಅವಳು ಸುಮ್ಮನೆ ಹೆದರಿಸುವವಳಲ್ಲ. ಊರಾಚೆ ಬಾಡಿಗೆ ಮನೆಯನ್ನೂ ನೋಡಿಕೊಂಡು ಬಂದಿದ್ದಳು.

ಇನ್ನೊಂದೂ ಇತ್ತು. "ಎಣ್ಣೆ ಕೈಲಿ ಮಗು ಮುಟ್ಬೇಡಿ," ಅನ್ನುತ್ತಿದ್ದಳು. ಅಣ್ಣ ಬಂದೂಕಿನ ಕೆಲಸ ಮುಗಿಸಿ, ಸೋಪು ಉಜ್ಜಿ ಉಜ್ಜಿ ವಾಸನೆ ಕಳೆದುಕೊಂಡು ಬರುವಷ್ಟರಲ್ಲಿ ಮಗು ನಿದ್ದೆ ಹೋಗಿರುತ್ತಿತ್ತು. ಬಾಗಿಲಲ್ಲಿ ನಿಂತು ಅದರ ಉಸಿರು ಕೇಳಿಸಿಕೊಂಡು ವಾಪಸು ಬರುತ್ತಿದ್ದ.

"ಯಾಕಣ್ಣ ಹೀಗೆ ಹಟ?" ಅಂತ ನಾನು ಒಮ್ಮೆ ಕೇಳಿದ್ದೆ.

"ಪುಟ್ಟಿ, ಬೆಳಗ್ಗೆ ಎದ್ರೆ ಎಲ್ಲಾರೂ ನನಗೆ ಕೊಡೋರೇ. ಟೀ ಕೊಡ್ತೀರಿ, ಅಂಗಿ ಕೊಡ್ತೀರಿ, ಕೈ ಹಿಡ್ದು ದಾರಿ ಕೊಡ್ತೀರಿ. ಸಂಜೆ ಅದೊಂದು ಹೊತ್ತು ಮಾತ್ರ ನಾನು ಇನ್ನೊಬ್ಬರಿಗೆ ಏನೋ ಮಾಡಿ ಕೊಡೋದು. ಅದನ್ನೂ ತೆಗೆದ್ರೆ?"

ಅವನ ಆ ಮಾತು ಕೇಳಿದ ಮೇಲೆ ನಾನು ಮಗಳ ಪರವನ್ನೂ ವಹಿಸಲಿಲ್ಲ, ಅವನ ಪರವನ್ನೂ ವಹಿಸಲಿಲ್ಲ. ಹಾಸಿಗೆ ಹೊಲಿಯುತ್ತಾ ಇದ್ದುಬಿಟ್ಟೆ.

ಪಟ್ಟಿ ಕಟ್ಟಿದ ಆ ದಿನ ಅಳಿಯ ಬರುವುದು ತಡವಾಯಿತು. ಮಗು ಬೇರೆ ನಾಲ್ಕೈದು ದಿನದಿಂದ ಜೊಲ್ಲು ಸುರಿಸುತ್ತಾ, ಸಿಕ್ಕಿದ್ದನ್ನೆಲ್ಲ ಬಾಯಿಗೆ ತುರುಕುತ್ತಾ, ರಂಪ ಮಾಡುತ್ತಿತ್ತು. "ಹಲ್ಲು ಬರ್ತಿರ್ಬೇಕು," ಅಂತ ನಾನಂದೆ. ಮಗಳು ದಿನಾ ಬೆಳಗ್ಗೆ ಅದರ ಬಾಯಿಗೆ ಟಾರ್ಚು ಬಿಟ್ಟು ನೋಡಿ, "ಏನೂ ಇಲ್ಲ ಅತ್ತೆ, ಬರೀ ಕೆಂಪು," ಅನ್ನುತ್ತಿದ್ದಳು.

ಅಳಿಯ ಬಂದಾಗ ಫೋನು ಕಿವಿ ಮತ್ತು ಭುಜದ ನಡುವೆ ಸಿಕ್ಕಿಕೊಂಡಿತ್ತು. ಹಣ ಸಾಗಿಸುವ ವ್ಯಾನು ತಡವಾಗಿ ಬಂದ ಬಗ್ಗೆ ಯಾರ ಜೊತೆಗೋ ವಾದ. ಫೋನು ಕೆಳಗಿಡುತ್ತಲೇ ಅವನಿಗೆ ಒಳಗೆ ಮಗು ಅಳುವುದು ಕೇಳಿಸಿತು.

"ಹತ್ತಿ ಎಲ್ಲಿದೆ?" ಅಂದ ಅಣ್ಣ.

"ಎದುರಿಗಿದೆ," ಅಂದೆ ನಾನು, ಯಂತ್ರದ ಬಳಿಯಿಂದ ಬಂದು ಕೋಣೆಯ ಬಾಗಿಲಲ್ಲಿ ನಿಂತು.

"ಎರಡೂ ಖಾಲಿ ಮಾವ."

"ಇವತ್ತು ಕಡ್ಡಿ ಬೇಡ, ಕೈ ಹೀಗಿದೆ. ಬರೀ ಒರೆಸಿ ಇಟ್ಬಿಡ್ತೀನಿ." ಅಣ್ಣ ಬಂದೂಕು ಮಡಚಿ ತೆರೆದ. ಬಲಗೈಯ ಎರಡು ಬೆರಳು ಪಟ್ಟಿಯೊಳಗೆ ದಿಂಬಿನ ಹಾಗೆ ಊದಿಕೊಂಡಿದ್ದವು. ಎಡಗೈಯ ಕಿರುಬೆರಳನ್ನು ಬಲ ನಳಿಗೆಗೆ ತೂರಿಸಿದ. ಅಷ್ಟರಲ್ಲಿ ಮಗು ಉಸಿರುಗಟ್ಟುವ ಹಾಗೆ ಚೀರಿತು. ಅಣ್ಣನ ತಲೆ ಆ ಕಡೆ ತಿರುಗಿತು.

"ಖಾಲೀನೇ ಮಾವ, ತೋಟಾ ತೆಗೆದಾಯ್ತು, ಬೆಲ್ಟಿಗೆ ಹಾಕಾಯ್ತು," ಅಂತ ಅಳಿಯ ಷೂ ಬಿಚ್ಚುತ್ತಾ ಅಂದ.

"ಹ್ಞೂಂ. ಎರಡೂ ಖಾಲಿ," ಅಂದ ಅಣ್ಣ. ಎಡ ನಳಿಗೆಯನ್ನು ಮುಟ್ಟದೆ ಮುಚ್ಚಿದ. ಹೊರಗೆಲ್ಲ ಎಣ್ಣೆ ಬಟ್ಟೆಯಲ್ಲಿ ಒರೆಸಿದ. ಹತ್ತಿಯ ಕಡೆ ಹಿಡಿದ.

ಟಕ್.

ಎರಡನೆಯದು ಟಕ್ ಅನ್ನಲಿಲ್ಲ.

ಆ ಸದ್ದನ್ನು ಹೇಗೆ ಹೇಳಲಿ! ಕೋಣೆ ಒಂದು ಸಲ ಒಳಗಿನಿಂದ ಹೊಡೆಸಿಕೊಂಡ ಹಾಗಾಯಿತು. ಕಪಾಟಿನ ಲೋಟಗಳು ಉರುಳಿದವು. ಆಮೇಲೆ ಎಲ್ಲೆಲ್ಲೂ ಬಿಳಿ. ಹತ್ತಿ ಸೂರಿಗೆ ಹಾರಿ, ನಿಧಾನವಾಗಿ, ಏನೂ ಅವಸರವಿಲ್ಲದ ಹಾಗೆ, ನಮ್ಮೆಲ್ಲರ ತಲೆಯ ಮೇಲೆ ಇಳಿಯತೊಡಗಿತು. ಮೂಟೆಯೊಂದು ಬಾಯಿ ಹರಿದುಕೊಂಡು ಹೊಗೆಯಾಡುತ್ತಿತ್ತು. ನಾನು ಕುಡಿಯುವ ನೀರಿನ ಕೊಡವನ್ನೇ ಎತ್ತಿ ಅದರ ಮೇಲೆ ಸುರಿದೆ. ಸುರಿಯುವಾಗ ಗಮನಕ್ಕೆ ಬಂತು, ಹಲಗೆಯ ಆಚೆ ಮಗು ಅಳುತ್ತಿಲ್ಲ.

ಅಳಿಯ ಒಂದು ಕಾಲಿಗೆ ಷೂ ಇದ್ದ ಹಾಗೇ ಓಡಿದ. ಅವನು ಬಾಗಿಲು ಮುಟ್ಟುವ ಮುಂಚೆಯೇ ಮಗಳು ಮಗುವನ್ನು ಎದೆಗೆ ಅವುಚಿಕೊಂಡು ಹೊರಗೆ ಬಂದಳು. ಮಗು ಬಾಯಿ ಅಗಲಿಸಿ, ಕಣ್ಣು ಅಗಲಿಸಿ, ಸದ್ದೇ ಇಲ್ಲದೆ ನಮ್ಮನ್ನೆಲ್ಲ ನೋಡಿತು. ಆಮೇಲೆ ಒಂದು ಉಸಿರು ಎಳೆದುಕೊಂಡು ಬೀದಿ ಹಾರಿಹೋಗುವ ಹಾಗೆ ಕಿರುಚಿತು. ಇವತ್ತಿಗೂ ನನಗೆ ಯಾರಾದರೂ ಹಾಡು ಹೇಳು ಅಂದರೆ ಆ ಕಿರುಚಾಟವೇ ನೆನಪಾಗುತ್ತದೆ. ಅಷ್ಟು ಚೆಂದದ ದನಿ ನಾನು ಕೇಳಿಲ್ಲ.

ಆದರೆ ಅಣ್ಣನಿಗೆ ಅದು ಕೇಳಿಸಲಿಲ್ಲ.

ಬಂದೂಕನ್ನು ತೆರೆದು ತೊಡೆಯ ಮೇಲಿಟ್ಟುಕೊಂಡು, ಬಾಯಿ ಇನ್ನೂ ಹತ್ತಿಯ ಕಡೆಗೇ ಇಟ್ಟುಕೊಂಡು, ಅವನು ನಮ್ಮೆಲ್ಲರ ನಡುವಿನ ಖಾಲಿ ಜಾಗಕ್ಕೆ ಮುಖ ಮಾಡಿ ಕೇಳುತ್ತಿದ್ದ: "ಅಳ್ತಿದೆಯಾ? ಮಗು ಅಳ್ತಿದೆಯಾ? ಯಾರಾದ್ರೂ ಹೇಳ್ರಪ್ಪಾ!" ಅವನ ಕಿವಿ ಆ ಸದ್ದಿಗೆ ಮುಚ್ಚಿಹೋಗಿತ್ತು. ಕಣ್ಣು ಮೊದಲೇ ಇರಲಿಲ್ಲ. ನಾವೆಲ್ಲ ಒಟ್ಟಿಗೆ "ಏನಾಗಿಲ್ಲ, ಏನಾಗಿಲ್ಲ" ಅಂತ ಕೂಗುತ್ತಿದ್ದೆವು, ಅವನಿಗೆ ಒಂದೂ ತಲುಪುತ್ತಿರಲಿಲ್ಲ.

ಮಗಳು ಹತ್ತಿರ ಹೋದಳು. ಅಳಿಯ ಬಂದೂಕು ತೆಗೆದುಕೊಂಡ. ಅವಳು ಅಪ್ಪನ ಎಡಗೈ ಹಿಡಿದು ಮಗುವಿನ ಬೆನ್ನಿನ ಕಡೆಗೆ ಎಳೆದಳು. ಅವನು ಥಟ್ಟನೆ ಹಿಂದಕ್ಕೆ ಎಳೆದುಕೊಂಡ. "ಬೇಡ, ಎಣ್ಣೆ ಕೈ," ಅಂದ.

"ಇರ್ಲಿ ಅಪ್ಪ! ಮುಟ್ಟಿ!" ಅಂತ ಅವಳು ಅತ್ತುಬಿಟ್ಟಳು, ಮತ್ತೆ ಆ ಕೈಯನ್ನು ಎಳೆದು ಮಗುವಿನ ಬೆನ್ನ ಮೇಲೆ ಒತ್ತಿ ಹಿಡಿದಳು. ಕಿರುಚಾಟಕ್ಕೆ ಆ ಪುಟ್ಟ ಬೆನ್ನು ಏರಿ ಇಳಿಯುತ್ತಿತ್ತು. ಅಣ್ಣ ಅದನ್ನು ಅಂಗೈಯಲ್ಲಿ ಕೇಳಿಸಿಕೊಂಡ. ಆಮೇಲೆ ಅವನ ಭುಜಗಳು ಸಡಿಲವಾದವು. ಮಗುವಿನ ಅಂಗಿಯ ಮೇಲೆ ಐದು ಬೆರಳಿನ ಎಣ್ಣೆ ಗುರುತು ಬಿದ್ದಿತ್ತು. ಆ ಅಂಗಿಯನ್ನು ಮಗಳು ಇನ್ನೂ ಒಗೆಯದೆ ಇಟ್ಟುಕೊಂಡಿದ್ದಾಳೆ.

ಅಷ್ಟರಲ್ಲಿ ಸಲೂನಿನವನು ಕೈಯಲ್ಲಿ ನೊರೆಯ ಬ್ರಷ್ಷು ಹಿಡಿದೇ ಓಡಿ ಬಂದ. ಅವನ ಹಿಂದೆ ಅರ್ಧ ಗಡ್ಡ ಬೋಳಿಸಿಕೊಂಡ ಗಿರಾಕಿ, ಕೊರಳಿಗೆ ಕಟ್ಟಿದ ಬಟ್ಟೆಯ ಸಮೇತ. ಬೀದಿಯ ಇನ್ನೂ ನಾಲ್ಕು ಜನ ಬಾಗಿಲಲ್ಲಿ ಇಣುಕಿದರು. ಯಾರಿಗೂ ಏನೂ ಆಗಿಲ್ಲ ಅಂತ ಖಾತ್ರಿಯಾದ ಮೇಲೆ ಸಲೂನಿನವನಿಗೆ ನಾಲಿಗೆ ಬಂತು.

"ನಾನು ಬೆಳಗ್ಗೆ ಬಡ್ಕೊಂಡೆನೋ ಇಲ್ವೋ? ಕುರುಡರ ಕೈಗೆ ಕೊಡಬಾರ್ದು ಅಂತ ಹೇಳಿದ್ನೋ ಇಲ್ವೋ? ನೋಡಿ ಈಗ!"

ಯಾರೂ ಅವನಿಗೆ ಎದುರು ಹೇಳಲಿಲ್ಲ. ನಾನೂ ಹೇಳಲಿಲ್ಲ. ನಮಗೂ ಹಾಗೇ ಅನಿಸಿತ್ತಲ್ಲ. ಅಣ್ಣ ತೊಡೆಯ ಮೇಲಿನ ಬಟ್ಟೆ ಮಡಚುತ್ತಿದ್ದ, ಅವನೂ ಹಾಗೇ ಅಂದುಕೊಂಡವನ ಹಾಗೆ.

ಅಳಿಯನ ಮೀಸೆಯ ಮೇಲೆ, ಹುಬ್ಬಿನ ಮೇಲೆಲ್ಲ ಹತ್ತಿ ಕೂತು ಮುದುಕನಾಗಿ ಕಾಣುತ್ತಿದ್ದ. ಅವನು ಬೆಲ್ಟಿನಲ್ಲಿ ತೋಟಾ ಇರಬೇಕಿದ್ದ ಖಾಲಿ ಗೂಡೊಂದನ್ನು ಹೆಬ್ಬೆರಳಲ್ಲಿ ಒತ್ತಿ ಒತ್ತಿ ನೋಡುತ್ತಿದ್ದ.

"ನಳಿಗೇಲಿ ತೋಟಾ ಬಿಟ್ಟಿದ್ದು ನಾನು," ಅಂದ.

"ಏನು?" ಅಂದ ಸಲೂನಿನವನು.

"ಸಂಜೆ ಎರಡೂ ತೆಗ್ದಿದ್ದೆ. ಆಮೇಲೆ ವ್ಯಾನು ಬಂತು, ಗಡಿಬಿಡೀಲಿ ಒಂದು ಹಾಕಿ ಬಾಗಿಲಿಗೆ ನಿಂತೆ. ವ್ಯಾನು ಹೋಯ್ತು. ಮೊದಲು ತೆಗೆದದ್ದೇ ತಲೇಲಿತ್ತು. ಮತ್ತೆ ತೆರೆದು ನೋಡ್ಲಿಲ್ಲ. ಮಾವನಿಗೆ ಖಾಲಿ ಅಂತ ಎರಡು ಸಲ ಹೇಳ್ದೆ." "ಹಲಗೆ ಆಚೆ ನನ್ನ ಮಗಳು ಇದ್ಲು. ಮಾವ ಹತ್ತಿ ಬಿಟ್ಟು ಹಿಡಿದಿದ್ರೆ..."

ಸುಮ್ಮನಿದ್ದಿದ್ದರೆ ಯಾರೂ ಅವನನ್ನು ಕೇಳುತ್ತಿರಲಿಲ್ಲ. ಬೀದಿಯ ಬಾಯಿಯಾದ ಸಲೂನಿನವನ ಎದುರು ಇದನ್ನು ಹೇಳಿದರೆ ಬೆಳಗಾಗುವಷ್ಟರಲ್ಲಿ ಬ್ಯಾಂಕಿಗೆ ಮುಟ್ಟುತ್ತದೆ, ಕೆಲಸಕ್ಕೆ ಸಂಚಕಾರ ಬರಬಹುದು, ಅದೂ ಅವನಿಗೆ ಗೊತ್ತಿತ್ತು. ಆ ಹುಡುಗನ ಮೇಲೆ ನನಗೆ ಮುಂಚಿನಿಂದಲೂ ಅಕ್ಕರೆ. ಆವತ್ತಿನಿಂದ ಅದರ ಜೊತೆಗೆ ಇನ್ನೇನೋ ಸೇರಿತು.

"ಏನಂತೆ ಅವನದು?" ಅಂತ ಅಣ್ಣ ನನ್ನ ತೋಳು ಜಗ್ಗಿದ.

ನಾನು ಅವನ ಕಿವಿಗೆ ಬಾಯಿಟ್ಟು ಕೂಗಿದೆ: "ತೋಟಾ ಬಿಟ್ಟಿದ್ದು ಅವನಂತೆ!"

"ಏನು ಬಿಟ್ಟಿದ್ದು?"

"ತೋಟಾ! ತೋಟಾ!"

ಬೀದಿಯ ಆ ತುದಿಗೂ ಕೇಳಿಸಿರಬೇಕು. ಅರ್ಧ ಗಡ್ಡದ ಗಿರಾಕಿ ಕಿವಿ ಮುಚ್ಚಿಕೊಂಡ. ಅಣ್ಣ ತಲೆ ಆಡಿಸಿ, ಅಳಿಯ ಇರುವ ಕಡೆಗೆ ಕೈ ಚಾಚಿದ. ಅಳಿಯ ಆ ಕೈಯನ್ನು ಹಿಡಿದುಕೊಂಡು ನೆಲಕ್ಕೆ ಕುಸಿದು ಕೂತ.

"ಅವನು ಬಿಟ್ಟ, ನಾನು ಮುಚ್ದೆ," ಅಂತ ಅಣ್ಣ ತನಗೇ ಕೇಳಿಸಲಿ ಅಂತಲೋ ಏನೋ ಜೋರಾಗಿ ಹೇಳಿದ. "ಎಡಗಡೆದನ್ನು ನಾನು ಮುಟ್ಟೇ ಇಲ್ಲ. ಮುಟ್ಟಿದೆ ಅಂತ ಹೇಳ್ದೆ."

ಸಲೂನಿನವನು ಬ್ರಷ್ಷಿನ ನೊರೆಯನ್ನೇ ನೋಡುತ್ತಾ ನಿಂತ. ಆಮೇಲೆ, "ಅಕ್ಕ, ಪೊರಕೆ ಎಲ್ಲಿದೆ?" ಅಂತ ಕೇಳಿ, ಗಿರಾಕಿಯನ್ನೂ ಜೊತೆಗೆ ಹಚ್ಚಿಕೊಂಡು, ಕೋಣೆಯ ಹತ್ತಿಯನ್ನೆಲ್ಲ ಗುಡಿಸಿ ಗುಡ್ಡೆ ಮಾಡಿಕೊಟ್ಟು ಹೋದ. ಅಳಿಯ ಆ ಹರಿದ ಮೂಟೆಯೊಳಗೆ ಮೊಳಕೈವರೆಗೂ ಕೈ ಹಾಕಿ ತಡಕಿದ. ತೋಟಾದೊಳಗಿನ ಸೀಸದ ಚರೆಗಳು ಒದ್ದೆ ಹತ್ತಿಯ ನಡುವೆ ಮುದುರಿಕೊಂಡಿದ್ದವು. ಮೂಟೆಗಳನ್ನು ಸರಿಸಿ ಹಲಗೆಯ ಮೇಲೆ ಕೈಯಾಡಿಸಿದ. ಒಂದು ಗೀರೂ ಇರಲಿಲ್ಲ. ನಾನು ಆವರೆಗೆ ಹತ್ತಿಯನ್ನು ಹಿಂಜಿದ್ದೆ, ತುಂಬಿದ್ದೆ, ಹೊಲಿದಿದ್ದೆ, ಮೂಗಿಗೆ ಹೋಗುತ್ತೆ ಅಂತ ಬೈದಿದ್ದೆ. ಆವತ್ತು ಮೊದಲ ಸಲ ಒಂದು ಮೂಟೆಯ ಮೇಲೆ ಕೆನ್ನೆ ಇಟ್ಟು ನಿಂತೆ.

ಬೆಳಗ್ಗೆ ಅಣ್ಣನ ಕಿವಿ ಅರ್ಧ ತೆರೆದಿತ್ತು. ಟೀ ಲೋಟ ಕೈಗೆ ಬರುತ್ತಲೇ ಅಳಿಯನನ್ನು ಕರೆದ.

"ಬಂದೂಕು ಇವತ್ತಿಂದ ಬ್ಯಾಂಕಲ್ಲೇ ಇಟ್ಟು ಬಾ."

ನಾವೆಲ್ಲ ಇದ್ದಲ್ಲೇ ನಿಂತೆವು. ಮಗಳೂ.

"ತಪ್ಪು ನಂದು, ಶಿಕ್ಷೆ ನಿಮಗಾ ಮಾವ?" ಅಂದ ಅಳಿಯ. "ಇನ್ಮೇಲೆ ನಾನು ತೆರೆದೇ ಕೊಡ್ತೀನಿ. ನಿಮ್ಮ ಕೈ ವಾಸಿ ಆಗ್ಲಿ. ಜನ ಏನಾದ್ರೂ ಹೇಳ್ಕೊಳ್ಳಲಿ, ನಿಮಗೆ ಕಣ್ಣಿಲ್ಲ ಅಂತ ಆಗಿದ್ದಲ್ಲ ಅದು."

"ಅಲ್ಲ. ನಂಗೊತ್ತಿಲ್ವಾ? ನೀನು ನೋಡ್ದೇನೇ ಹೇಳ್ದೆ, ನಾನು ಮುಟ್ಟದೇನೇ ಹೇಳ್ದೆ. ಕುರುಡುತನ, ಪಾಪ, ಇದರಲ್ಲಿ ಎಲ್ಲಿ ಬಂತು?" ಅಣ್ಣ ಟೀ ಊದಿ ಒಂದು ಗುಟುಕು ಕುಡಿದ. "ರಾತ್ರಿಯೆಲ್ಲ ಯೋಚ್ನೆ ಮಾಡ್ದೆ. ಮಗು ಅಳೋದು ಕೇಳಿಸ್ತು ನೋಡು, ಆಗ ನನ್ನ ಬೆರಳು ಅರ್ಧಕ್ಕೆ ನಿಂತ್ಹೋಯ್ತು. ಬ್ಯಾಂಕಿನ ಬಾಗಿಲಲ್ಲಿ ಆಕಾಶ ಬಿದ್ರೂ ಹಾಗೆ ಆಗ್ತಿರಲಿಲ್ಲ. ಈ ಮನೇಲಿ ಮಗು ಅಳುತ್ತೆ, ಅಳ್ಬೇಕು. ಅದು ಅಳೋ ಮನೇಲಿ ನಾನು ಆ ಕೆಲಸ ಮಾಡಲಾರೆ. ನೀನೂ ಮಾಡಲಾರೆ."

ಮಗಳು ಅಪ್ಪನ ಹಿಂದೆ ಬಂದು ಅವನ ಕೂದಲಲ್ಲಿ ಸಿಕ್ಕಿಕೊಂಡಿದ್ದ ಹತ್ತಿಯ ಎಳೆಗಳನ್ನು ಒಂದೊಂದಾಗಿ ತೆಗೆದಳು. ಥ್ಯಾಂಕ್ಸು ಗೀಂಕ್ಸು ಅಂತ ನಮ್ಮ ಮನೆಯಲ್ಲಿ ಹೇಳಿ ಅಭ್ಯಾಸ ಇಲ್ಲ. ಆ ಹತ್ತಿ ತೆಗೆಯುವುದು ತುಂಬಾ ಹೊತ್ತು ನಡೆಯಿತು.

ಅಣ್ಣ ಅಳಿಯನ ಭುಜ ಹಿಡಿದು ತಾನೂ ಬ್ಯಾಂಕಿಗೆ ಹೋದ. ಬೀದಿಯ ಸುದ್ದಿ ತಲುಪುವ ಮುಂಚೆ ಮ್ಯಾನೇಜರಿಗೆ ಅಳಿಯನೇ ಎಲ್ಲ ಹೇಳಿದನಂತೆ. ಅವರು ಬೈದರಂತೆ, ಚೆನ್ನಾಗಿಯೇ ಬೈದರಂತೆ. ಕೆಲಸ ಮಾತ್ರ ಉಳಿಯಿತು. ಸಂಜೆ ಬೀರುವಿಗೆ ಇಡುವ ಮುಂಚೆ ಬಂದೂಕನ್ನು ಇನ್ನೊಬ್ಬರು ತೆರೆದು ನೋಡಲೇಬೇಕು, ಬಾಯಿಬಿಟ್ಟು ಹೇಳಲೇಬೇಕು ಅಂತ ಅಣ್ಣ ಅಲ್ಲಿ ಹಟ ಹಿಡಿದನಂತೆ. ಈಗ ಕ್ಯಾಷಿಯರಮ್ಮ ಕನ್ನಡಕ ಏರಿಸಿಕೊಂಡು ಎರಡೂ ನಳಿಗೆಗೆ ಇಣುಕಿ "ಎರಡೂ ಖಾಲಿ" ಅನ್ನುತ್ತಾರಂತೆ. ಅಳಿಯ ಅವರ ದನಿಯನ್ನು ಅಣಕಿಸಿ ತೋರಿಸಿದಾಗ ಅಣ್ಣ ನಕ್ಕ.

ಆದರೆ ಸಂಜೆಗಳು ಖಾಲಿ ಉಳಿದವು. ಆ ಹೊತ್ತಿಗೆ ಸರಿಯಾಗಿ ಅಣ್ಣ ಸ್ಟೂಲಿನ ಮೇಲೆ ಬಂದು ಕೂರುತ್ತಿದ್ದ. ಬಟ್ಟೆ ಹಾಸಿಕೊಳ್ಳುತ್ತಿದ್ದ. ಆಮೇಲೆ ನೆನಪಾಗಿ ಮಡಚಿ ಪಕ್ಕಕ್ಕಿಡುತ್ತಿದ್ದ. ಟಕ್ ಟಕ್ ಇಲ್ಲದೆ ನನಗೂ ಯಂತ್ರ ಆರಿಸುವುದು ಮರೆಯುತ್ತಿತ್ತು. ಸಲೂನಿನವನು ಬಂದು ಕೂತು ಏನಾದರೂ ಕೆಣಕಿ ಹೋಗುತ್ತಿದ್ದ. ಒಂದು ದಿನ ಬರುವಾಗ ಒಂದು ದಿಂಬಿಗೆ ಆರ್ಡರು ಕೊಟ್ಟ. ನಾನು ದಂಗಾಗಿ ನಿಂತೆ. "ಆ ಗುಂಡು ತಿಂದ ಮೂಟೆ ಹತ್ತೀನೇ ತುಂಬಿ ಕೊಡಕ್ಕ. ಧೈರ್ಯ ಬರುತ್ತೆ," ಅಂದ.

ಬೆರಳಿನ ಪಟ್ಟಿ ಬಿಚ್ಚಿದ ದಿನ ಸಂಜೆ ಅಳಿಯ ಬರಿಗೈಯಲ್ಲಿ ಬಂದ. ಅಣ್ಣ ಸ್ಟೂಲಿನ ಮೇಲಿದ್ದ, ಬಟ್ಟೆ ತೊಡೆಯ ಮೇಲಿತ್ತು. ಮಗಳು ಒಳಗಿಂದ ಬಂದಳು.

"ಕೈ ತೊಳ್ಕೊಂಡಿದ್ದೀರಾ ಅಪ್ಪ?"

"ಮಧ್ಯಾಹ್ನದಿಂದ ಎರಡು ಸಲ. ಮುಟ್ಟೋಕೆ ಏನಿದೆ ಕೊಳೆ ಆಗೋಕೆ?"

"ಹಾಗಿದ್ರೆ ಇವಳನ್ನ ಹಿಡ್ಕೊಳ್ಳಿ. ಬೆಳಗ್ಗಿಂದ ಒಂದೇ ರಾಗ, ನನ್ನ ಕೈ ಬಿದ್ದೋಯ್ತು," ಅಂತ ಮಗುವನ್ನು ಆ ಬಟ್ಟೆಯ ಮೇಲೆ ಕೂರಿಸಿಬಿಟ್ಟಳು.

ಅಣ್ಣ ಮೊದಲು ಎರಡೂ ತೋಳು ಸುತ್ತಿ ಅದನ್ನು ಆನಿಸಿಕೊಂಡ. ಆಮೇಲೆ ಮೆಲ್ಲಗೆ ಅದರ ತಲೆ, ಕಿವಿ, ಮೂಗು, ಗದ್ದ ಸವರುತ್ತಾ ಬಂದ. ಗದ್ದದ ಜೊಲ್ಲು ಬೆರಳಿಗೆ ತಾಗಿತು. ಮಗು ಆ ಬೆರಳನ್ನು ಗಬಕ್ಕನೆ ಹಿಡಿದು ಬಾಯಿಗೆ ಹಾಕಿಕೊಂಡಿತು. ಅಣ್ಣನ ಮುಖ ಸ್ವಲ್ಪ ಪಕ್ಕಕ್ಕೆ ವಾಲಿತು, ನಳಿಗೆಯೊಳಗೆ ಬೆರಳಿಟ್ಟಾಗ ವಾಲುತ್ತಿದ್ದ ಹಾಗೆಯೇ. ಬೆರಳು ಒಳಗೆ ನಿಧಾನವಾಗಿ ಒಂದು ಸುತ್ತು ಸವರಿತು. ಮೇಲೆ. ಬಲಕ್ಕೆ. ಎಡಕ್ಕೆ. ಕೆಳಗೆ ಎಡಕ್ಕೆ ಬಂದು ನಿಂತಿತು.

"ಖಾಲಿ ಇಲ್ಲ," ಅಂದ ಅಣ್ಣ.

"ಏನಪ್ಪಾ?"

"ಕೆಳಗೆ, ಎಡಗಡೆ. ಒಂದಿದೆ."

"ಹಲ್ಲಾ? ಸುಳ್ಳು! ಬೆಳಗ್ಗೆ ತಾನೇ ಟಾರ್ಚು ಬಿಟ್ಟು ನೋಡಿದ್ದೀನಿ ನಾನು!"

"ನೀನು ನೋಡ್ದೆ. ನಾನು ಮುಟ್ದೆ."

ನಾನು ಯಂತ್ರ ಆರಿಸಿ ಓಡಿ ಬಂದೆ. ಮಗಳು ಬಗ್ಗಿ ನೋಡಿದಳು, ಕಾಣಿಸಲಿಲ್ಲ. ನಾನು ಕನ್ನಡಕ ಹಾಕಿಕೊಂಡು ನೋಡಿದೆ, ನನಗೂ ಕೆಂಪು ಬಿಟ್ಟರೆ ಬೇರೇನೂ ಕಾಣಿಸಲಿಲ್ಲ. "ಇಬ್ಬರು ಹೇಳ್ಬೇಕು, ಅದೇ ಅಲ್ವಾ ಮಾವ ನಿಮ್ಮ ರೂಲು?" ಅಂತ ಅಳಿಯ ಹೋಗಿ ಮೊಳಕೈವರೆಗೂ ಸೋಪು ಹಚ್ಚಿ ಕೈ ತೊಳೆದು ಬಂದ. ಮಂಡಿಯೂರಿ ಕೂತು, ಮಗುವಿನ ಬಾಯಿಗೆ ತನ್ನ ಕಿರುಬೆರಳು ಇಟ್ಟು, ಉಸಿರು ಹಿಡಿದು ಸವರಿದ.

"ಹೌದು ಮಾವ," ಅಂದ. "ಒಂದಿದೆ."

ಅಷ್ಟರಲ್ಲಿ ಮಗು ಬಾಯಿ ಮುಚ್ಚಿ ಅವನ ಬೆರಳನ್ನು ಬಲವಾಗಿ ಕಚ್ಚಿತು. ಅವನ ಕಣ್ಣಲ್ಲಿ ನೀರು ಬಂತು. ಆದರೂ ಅವನು ಬೆರಳು ಹಿಂದಕ್ಕೆ ಎಳೆದುಕೊಳ್ಳಲಿಲ್ಲ.